ಎಂಟು ತಂತಿಗಳ ವ್ಯಾಕರಣ

ಡಿಪ್ಲೊಮಾದಲ್ಲೋ ಬಿ.ಇ.ಯಲ್ಲೋ ಎಲೆಕ್ಟ್ರಾನಿಕ್ಸ್ ಓದಿದವರ ಮುಂದೆ ‘ಏಯ್ಟಿ ಏಯ್ಟಿಫೈವ್’ ಅಂದರೆ ಸಾಕು, ಮೈಕ್ರೊಪ್ರೊಸೆಸರ್ ಲ್ಯಾಬು ಕಣ್ಣಮುಂದೆ ಬರುತ್ತದೆ. ಮೇಜಿನ ಮೇಲೆ ‘ಕಿಟ್’ ಎಂಬ ಒಂದು ಬೋರ್ಡು, ಅದರಲ್ಲಿ ಕೆಂಪಗೆ ಉರಿಯುವ ಆರು ಅಂಕಿಗಳ ಡಿಸ್‌ಪ್ಲೇ, ಕೆಳಗೆ ಹಳೆಯ ಕ್ಯಾಲ್ಕ್ಯುಲೇಟರಿನಂಥ ಕೀಗಳು. ಸ್ಕ್ರೀನ್ ಇಲ್ಲ, ಮೌಸ್ ಇಲ್ಲ. ಐದಕ್ಕೆ ಮೂರು ಕೂಡಿಸಬೇಕೆಂದರೆ ವಿದ್ಯಾರ್ಥಿ ಒಂಬತ್ತು ಸಂಖ್ಯೆಗಳನ್ನು ಒಂದೊಂದಾಗಿ ಒತ್ತಬೇಕು: 3ಇ, 05, 06, 03, 80, 32, 50, 80, 76. ಒತ್ತಿ ಮುಗಿಸಿ, ‘ಗೋ’ ಕೊಟ್ಟು, 8050 ಎಂಬ ವಿಳಾಸ ತೆರೆದರೆ ಅಲ್ಲಿ 08 ಕೂತಿರುತ್ತದೆ. ರೆಕಾರ್ಡಿಗೆ ಸಹಿ ಬೀಳುತ್ತದೆ, ಮುಂದಿನ ಬ್ಯಾಚು ಒಳಗೆ ಬರುತ್ತದೆ.

3ಇ ಯಾಕೆ 3ಇ, 76 ಯಾಕೆ 76 ಎಂದು ಕೇಳಿದವರು ಕಡಿಮೆ. ಪುಸ್ತಕದ ಹಿಂದಿನ ಪಟ್ಟಿಯಲ್ಲಿ ಹಾಗಿದೆ, ಹಾಗೇ ಒತ್ತಿದ್ದಾಯಿತು. ಆದರೆ ಕಂಪ್ಯೂಟರಿನ ಭಾಷೆಗೂ ಅದರ ಒಳಗಿನ ತಂತಿಗಳಿಗೂ ಇರುವ ನಂಟು ಏನೆಂದು ತಿಳಿಯಲು ಈ ಎರಡು ಸಂಖ್ಯೆಗಳಿಗಿಂತ ಒಳ್ಳೆಯ ಬಾಗಿಲು ಸಿಗುವುದು ಕಷ್ಟ.

ಮೊದಲು ಒಂದು ಮಾತು. ಇಂಥ ಭಾಷೆಗಳನ್ನು ‘ಕೆಳಮಟ್ಟದ ಭಾಷೆ’ ಎನ್ನುವ ರೂಢಿ ಇದೆ. ಕನ್ನಡದಲ್ಲಿ ಹಾಗಂದರೆ ಕಳಪೆ ಎಂಬ ಅರ್ಥ ಬಂದುಬಿಡುತ್ತದೆ. ಇಲ್ಲಿ ‘ಕೆಳಗೆ’ ಎಂದರೆ ಯಂತ್ರದ ನೆಲಕ್ಕೆ ಹತ್ತಿರ ಎಂದಷ್ಟೆ. ಪೈಥಾನ್, ಜಾವಾಗಳು ಮಹಡಿಯ ಮೇಲಿವೆ. ಸಿ ಭಾಷೆ ಜಗಲಿಯಲ್ಲಿದೆ. ಅಸೆಂಬ್ಲಿ ಭಾಷೆ ಅಂಗಳದ ಮಣ್ಣಿಗೇ ಇಳಿದಿದೆ. ಮಣ್ಣಿನ ಕೆಳಗಿರುವುದು ಸೊನ್ನೆ ಮತ್ತು ಒಂದು, ಅಂದರೆ ವಿದ್ಯುತ್ತು ಇಲ್ಲದ ತಂತಿ ಮತ್ತು ಇರುವ ತಂತಿ.

ಮೂರು ಬಿಟ್ಟು, ಎಂಟು ಬಾಗಿಲು

ಇಂಟೆಲ್ ಕಂಪನಿ 1976ರಲ್ಲಿ ತಂದ 8085 ಚಿಪ್ಪಿಗೆ ನಲವತ್ತು ಕಾಲುಗಳು. ಅವುಗಳಲ್ಲಿ ಎಂಟರ ಮೂಲಕ ಮಾಹಿತಿ ಒಳಗೆ ಬಂದು ಹೊರಗೆ ಹೋಗುತ್ತದೆ. ಒಂದೊಂದು ಕಾಲಿನಲ್ಲಿ ಒಂದು ಬಿಟ್, ಎಂಟು ಸೇರಿದರೆ ಒಂದು ಬೈಟ್. ಕಿಟ್ಟಿನಲ್ಲಿ ಒತ್ತುವ 3ಇ ಎಂಬುದು ಹದಿನಾರರ ಲೆಕ್ಕದಲ್ಲಿ ಬರೆದ ಸಂಖ್ಯೆ; ಆ ಲೆಕ್ಕದಲ್ಲಿ ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಮುಂದುವರಿದು ಇ ಎಂದರೆ ಹದಿನಾಲ್ಕು. ಅದನ್ನು ಎಂಟು ತಂತಿಗಳ ಮೇಲೆ ಹರಡಿದರೆ 00111110 ಆಗುತ್ತದೆ. ಕಣ್ಣಿಗೆ ಗೊಂದಲ. ಆದರೆ ಸ್ವಲ್ಪ ಬಿಡಿಸಿ ಬರೆದರೆ ವ್ಯಾಕರಣ ಕಾಣಿಸುತ್ತದೆ: 00–111–110.

ಮೊದಲ ಎರಡು ಮತ್ತು ಕೊನೆಯ ಮೂರು ಬಿಟ್‌ಗಳು ಸೇರಿ ‘ಮುಂದೆ ಬರುವ ಬೈಟನ್ನು ಎತ್ತಿಕೊಂಡು ಇಡು’ ಎನ್ನುತ್ತವೆ. ಎಲ್ಲಿ ಇಡಬೇಕು ಎಂಬುದು ನಡುವಿನ ಮೂರರಲ್ಲಿದೆ. ಚಿಪ್ಪಿನೊಳಗೆ ಒಂದೊಂದು ಬೈಟ್ ಹಿಡಿಯುವ ಪುಟ್ಟ ಗೂಡುಗಳಿವೆ, ಅವೇ ರಿಜಿಸ್ಟರುಗಳು. ಬಿ, ಸಿ, ಡಿ, ಇ, ಎಚ್, ಎಲ್ ಎಂಬ ಆರಕ್ಕೆ 000ದಿಂದ 101ರವರೆಗೆ ಸಾಲಾಗಿ ಸಂಖ್ಯೆ. ಲೆಕ್ಕ ನಡೆಯುವ ಮುಖ್ಯ ರಿಜಿಸ್ಟರ್ ಎ, ಅದರ ಸಂಖ್ಯೆ 111. ಹಾಗಾಗಿ 00–111–110 ಎಂದರೆ ‘ಎ ಗೂಡಿನಲ್ಲಿ ಇಡು’. ನಡುವಿನ ಮೂರನ್ನು ಸೊನ್ನೆ ಮಾಡಿದರೆ 00–000–110, ಅದನ್ನೇ ಹದಿನಾರರ ಲೆಕ್ಕದಲ್ಲಿ ಬರೆದರೆ 06, ‘ಬಿ ಗೂಡಿನಲ್ಲಿ ಇಡು’. ಕಿಟ್ಟಿನಲ್ಲಿ ಒತ್ತಿದ ಮೂರನೆಯ ಸಂಖ್ಯೆ ಅದೇ.

ಈ ಮೂರು ಬಿಟ್‌ಗಳನ್ನು ಯಾರೂ ‘ಓದಿ ಅರ್ಥ ಮಾಡಿಕೊಳ್ಳುವುದಿಲ್ಲ’. ಮೂರು ತಂತಿಗಳು ನೇರವಾಗಿ ಡಿಕೋಡರ್ ಎಂಬ ಸರ್ಕ್ಯೂಟಿಗೆ ಹೋಗುತ್ತವೆ. ಅದರಿಂದ ಎಂಟು ತಂತಿಗಳು ಹೊರಡುತ್ತವೆ, ಆದರೆ ಒಂದು ಸಲಕ್ಕೆ ಜೀವ ಬರುವುದು ಒಂದಕ್ಕೆ ಮಾತ್ರ. ಜೀವ ಬಂದ ತಂತಿ ಯಾವ ಗೂಡಿಗೆ ಹೋಗಿದೆಯೋ ಆ ಗೂಡಿನ ಬಾಗಿಲು ತೆರೆಯುತ್ತದೆ. ಸೂಚನೆಯೇ ಕೀಲಿ, ಸೂಚನೆಯೇ ಕೈ.

ಒಂದು ಗೂಡಿನಿಂದ ಇನ್ನೊಂದಕ್ಕೆ ನಕಲು ಮಾಡುವ ‘ಮೂವ್’ ಸೂಚನೆಯಲ್ಲಿ ಈ ವ್ಯಾಕರಣ ಇನ್ನೂ ಚೊಕ್ಕ. ಮೊದಲ ಎರಡು ಬಿಟ್ 01. ನಂತರದ ಮೂರು ‘ಗೆ’ ವಿಭಕ್ತಿ, ಕೊನೆಯ ಮೂರು ‘ಇಂದ’ ವಿಭಕ್ತಿ. 01–111–000 ಎಂದರೆ ಬಿ ಇಂದ ಎ ಗೆ. ಎಂಟು ‘ಗೆ’ಗಳು, ಎಂಟು ‘ಇಂದ’ಗಳು, ಒಟ್ಟು ಅರವತ್ತನಾಲ್ಕು ಜೋಡಿ. ಎಂಟನೆಯ ಗೂಡು ಎಲ್ಲಿಂದ ಬಂತು ಎಂದರೆ, 110 ಎಂಬ ಸಂಖ್ಯೆಯನ್ನು ಚಿಪ್ಪಿನ ಹೊರಗಿನ ಮೆಮೊರಿಗೆ ಕೊಟ್ಟಿದ್ದಾರೆ. ಅದರ ಹೆಸರು ಎಂ. ಮೆಮೊರಿಯಲ್ಲಿ ಯಾವ ಜಾಗ ಎಂಬುದನ್ನು ಎಚ್ ಮತ್ತು ಎಲ್ ಸೇರಿ ಹೇಳುತ್ತವೆ.

ಈಗ 01–110–110 ಏನಾಗಬೇಕು? ಎಂ ಇಂದ ಎಂ ಗೆ. ಮೆಮೊರಿಯ ಒಂದು ಜಾಗದಲ್ಲಿರುವುದನ್ನು ಅದೇ ಜಾಗಕ್ಕೆ ನಕಲು ಮಾಡುವುದು, ಯಾರಿಗೂ ಬೇಡದ ಕೆಲಸ. ವಿನ್ಯಾಸಕಾರರು ಆ ಖಾಲಿ ಮನೆಯಲ್ಲಿ ‘ಹಾಲ್ಟ್’ ಎಂಬ ಸೂಚನೆಯನ್ನು ತಂದು ಕೂರಿಸಿದರು. 01110110 ಅನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 76. ಲ್ಯಾಬಿನಲ್ಲಿ ಪ್ರತಿ ಪ್ರೋಗ್ರಾಮಿನ ಕೊನೆಗೂ ಮಕ್ಕಳು ಕಣ್ಣುಮುಚ್ಚಿ ಒತ್ತುವ 76ರ ಜಾತಕ ಇದು.

ಒಂದು ಕೀ ತಪ್ಪಿದರೆ

ಒಂಬತ್ತು ಸಂಖ್ಯೆಗಳ ಆ ಸಾಲಿನಲ್ಲಿ 80 ಎರಡು ಸಲ ಬಂದಿದೆ. ಮೊದಲ 80 ‘ಬಿ ಯಲ್ಲಿರುವುದನ್ನು ಎ ಗೆ ಕೂಡಿಸು’ ಎಂಬ ಸೂಚನೆ. ಎರಡನೆಯದು ಸೂಚನೆಯೇ ಅಲ್ಲ. 8050 ಎಂಬ ವಿಳಾಸದ ಅರ್ಧ ಭಾಗ. (32 ಎಂದರೆ ‘ಎ ಯಲ್ಲಿರುವುದನ್ನು ಮುಂದಿನ ವಿಳಾಸದಲ್ಲಿ ಇಡು’, ವಿಳಾಸವನ್ನು ಹಿಂದುಮುಂದಾಗಿ 50, 80 ಎಂದು ಕೊಡಬೇಕು.) ಬೈಟ್ ನೋಡಿ ಅದು ಸೂಚನೆಯೋ ಸಂಖ್ಯೆಯೋ ವಿಳಾಸವೋ ಎಂದು ಹೇಳಲಾಗದು. ಅದು ಯಾರ ಹಿಂದೆ ನಿಂತಿದೆ ಎಂಬುದರ ಮೇಲೆ ಅರ್ಥ.

ಹಾಗಾಗಿ ವಿದ್ಯಾರ್ಥಿ ಆತುರದಲ್ಲಿ ಎರಡನೆಯ ಸಂಖ್ಯೆ 05 ಅನ್ನು ಬಿಟ್ಟನೆನ್ನಿ. ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. 3ಇ ತನ್ನ ಹಿಂದೆ ಬಂದ 06 ಅನ್ನೇ ಸಂಖ್ಯೆಯೆಂದು ಎತ್ತಿಕೊಂಡು ಎ ಯಲ್ಲಿ ಇಡುತ್ತದೆ. ಒಂಟಿಯಾಗಿ ಉಳಿದ 03 ಈಗ ಸೂಚನೆಯಾಗುತ್ತದೆ. ‘ಬಿ, ಸಿ ಜೋಡಿಗೆ ಒಂದು ಸೇರಿಸು’ ಎಂಬುದು ಅದರ ಅರ್ಥ. ಆಮೇಲೆ 80 ಬರುತ್ತದೆ, ಬಿ ಯಲ್ಲಿ ಹಿಂದಿನ ಬ್ಯಾಚಿನವರು ಏನು ಬಿಟ್ಟುಹೋಗಿದ್ದರೋ ಅದನ್ನು ಆರಕ್ಕೆ ಕೂಡಿಸುತ್ತದೆ. ಉತ್ತರವೂ ಬರುತ್ತದೆ. ಪೈಥಾನ್ ಆಗಿದ್ದರೆ ಕೆಂಪಕ್ಷರದಲ್ಲಿ ತಪ್ಪು ತೋರಿಸುತ್ತಿತ್ತು. ಇಲ್ಲಿ ದೂರು ಹೇಳಲು ಯಾರೂ ಇಲ್ಲ. ತಂತಿಗೆ ಸರಿ ತಪ್ಪು ಎಂಬುದಿಲ್ಲ.

ಈ ಕಷ್ಟ ಕಂಪ್ಯೂಟರಿನಷ್ಟೇ ಹಳೆಯದು. ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿದ್ದ ಕ್ಯಾಥ್ಲೀನ್ ಬೂತ್, ಅಲ್ಲಿನ ಯಂತ್ರಕ್ಕಾಗಿ 1947ರಲ್ಲೇ ಸೂಚನೆಗಳನ್ನು ಸಂಕ್ಷಿಪ್ತ ಚಿಹ್ನೆಗಳಲ್ಲಿ ಬರೆಯುವ ಕ್ರಮ ರೂಪಿಸಿದರು. ಕೇಂಬ್ರಿಜ್‌ನಲ್ಲಿ 1949ರ ಮೇ ತಿಂಗಳಲ್ಲಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರು ಕೆಲಸ ಶುರು ಮಾಡಿದಾಗ, ಕೂಡುವುದಕ್ಕೆ ಇಂಗ್ಲಿಷಿನ ಎ, ಕಳೆಯುವುದಕ್ಕೆ ಎಸ್ ಎಂದು ಒಂದಕ್ಷರದ ಸೂಚನೆಗಳಿದ್ದವು. ಕಾಗದದ ಪಟ್ಟಿಯಲ್ಲಿ ತೂತು ಕೊರೆದ ಆ ಅಕ್ಷರಗಳನ್ನು ಓದಿ, ಯಂತ್ರದ ಸಂಖ್ಯೆಗಳಾಗಿ ಜೋಡಿಸುವ ಪುಟ್ಟ ಪ್ರೋಗ್ರಾಮನ್ನು ಡೇವಿಡ್ ವೀಲರ್ ಬರೆದರು. ಅದರ ಮೊದಲ ರೂಪದಲ್ಲಿ ಇದ್ದದ್ದು ಮೂವತ್ತೊಂದೇ ಸೂಚನೆ. ಅಸೆಂಬ್ಲಿ ಭಾಷೆಯ ಬೀಜ ಅಲ್ಲಿದೆ. 3ಇ ಬದಲು ‘ಎಂವಿಐ ಎ’, 80 ಬದಲು ‘ಆ್ಯಡ್ ಬಿ’ ಎಂದು ಬರೆಯುವುದು, ಒಂದು ಸಾಲಿಗೆ ಒಂದು ಸೂಚನೆಯಂತೆ ಅದನ್ನು ಸಂಖ್ಯೆಗಳಾಗಿ ಬದಲಿಸುವ ಕೂಲಿಯನ್ನು ಇನ್ನೊಂದು ಪ್ರೋಗ್ರಾಮಿಗೆ ಒಪ್ಪಿಸುವುದು. ತಂತಿಗಳಿಗೆ ಹಾಕಿದ ನಾಮಫಲಕವೇ ಅಸೆಂಬ್ಲಿ.

ಕಾಲದ ಲೆಕ್ಕ, ರೇಡಿಯೊ ಹಾಡು

ನೆಲಕ್ಕೆ ಹತ್ತಿರ ಇರುವುದರಿಂದ ಒಂದು ಲಾಭವಿದೆ. ಯಾವ ಸೂಚನೆಗೆ ಎಷ್ಟು ಹೊತ್ತು ಎಂದು ಬೆರಳೆಣಿಸಿ ಹೇಳಬಹುದು. ಚಿಪ್ಪಿಗೆ ಕ್ಲಾಕ್ ಎಂಬ ತಾಳವಿದೆ. ಲ್ಯಾಬಿನ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 30 ಲಕ್ಷ ಬಡಿತ. ‘ಕೂಡಿಸು’ ಎಂಬ 80ಕ್ಕೆ ನಾಲ್ಕು ಬಡಿತ ಸಾಕು, ಎಲ್ಲ ಕೆಲಸ ಒಳಗೇ ಮುಗಿಯುತ್ತದೆ. ‘ವಿಳಾಸದಲ್ಲಿ ಇಡು’ ಎಂಬ 32ಕ್ಕೆ ಹದಿಮೂರು ಬೇಕು. ಯಾಕೆಂದರೆ ಅದು ಮೆಮೊರಿಗೆ ನಾಲ್ಕು ಸಲ ಓಡಾಡುತ್ತದೆ: ಸೂಚನೆ ತರಲು ನಾಲ್ಕು ಬಡಿತ, ವಿಳಾಸದ ಎರಡು ಅರ್ಧಗಳಿಗೆ ಮೂರು ಮೂರು, ಕೊನೆಗೆ ಉತ್ತರ ಇಟ್ಟು ಬರಲು ಮೂರು. ನಮ್ಮ ಒಂಬತ್ತು ಬೈಟ್‌ಗಳ ಪ್ರೋಗ್ರಾಮಿಗೆ ಒಟ್ಟು 36 ಬಡಿತ. ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಹನ್ನೆರಡು ಪಾಲು.

ಟ್ರಾಫಿಕ್ ಲೈಟಿನ ಪ್ರಯೋಗ ಮಾಡಿದವರಿಗೆ ಈ ಲೆಕ್ಕ ಗೊತ್ತು. ಕೆಂಪು ದೀಪವನ್ನು ಇಷ್ಟು ಹೊತ್ತು ಹಿಡಿದು ನಿಲ್ಲಿಸಬೇಕೆಂದರೆ, ಒಂದು ಸಂಖ್ಯೆಯನ್ನು ಸೊನ್ನೆಯಾಗುವವರೆಗೆ ಒಂದೊಂದೇ ಕಳೆಯುತ್ತಾ ಕೂರುವ ‘ಡಿಲೇ’ ಬರೆಯಬೇಕು. ಒಂದು ಸುತ್ತಿಗೆ ಹದಿನಾಲ್ಕು ಬಡಿತ. ಎಷ್ಟು ಸುತ್ತು ಬೇಕೆಂಬುದು ಗುಣಾಕಾರ, ಭಾಗಾಕಾರ.

ಇದೇ ಲೆಕ್ಕದಿಂದ ಅಮೆರಿಕದಲ್ಲಿ ಒಬ್ಬ ಹವ್ಯಾಸಿ ಹಾಡು ನುಡಿಸಿದ್ದ. 8085ರ ಅಣ್ಣ 8080. ಅದನ್ನು ಬಳಸಿ 1975ರಲ್ಲಿ ಮಾರಾಟಕ್ಕೆ ಬಂದ ಆಲ್ಟೇರ್ ಎಂಬ ಕಂಪ್ಯೂಟರಿಗೆ ಕೀಬೋರ್ಡೂ ಇರಲಿಲ್ಲ. ಮುಂಭಾಗದ ಸ್ವಿಚ್‌ಗಳನ್ನು ಮೇಲೆ ಕೆಳಗೆ ಮಾಡಿ ಒಂದೊಂದೇ ಬೈಟ್ ತುಂಬಬೇಕು. ಎಂಟು ತಂತಿಗೆ ಎಂಟು ಸ್ವಿಚ್ಚು. ಕ್ಯಾಲಿಫೋರ್ನಿಯಾದ ಸ್ಟೀವ್ ಡಾಂಪಿಯರ್ ಒಂದು ಪ್ರೋಗ್ರಾಮ್ ಓಡಿಸುತ್ತಿದ್ದಾಗ ಪಕ್ಕದಲ್ಲಿದ್ದ ರೇಡಿಯೊ ಗೊರಗುಟ್ಟಿತು. ಚಿಪ್ಪಿನ ಸುತ್ತಿನ ತಂತಿಗಳಲ್ಲಿ ವಿದ್ಯುತ್ತು ಏರಿಳಿಯುವಾಗ ರೇಡಿಯೊ ಅಲೆಗಳು ಹೊರಡುತ್ತವೆ. ಸುತ್ತು ಚಿಕ್ಕದಾದರೆ ಸ್ವರ ಏರುತ್ತದೆ, ದೊಡ್ಡದಾದರೆ ಇಳಿಯುತ್ತದೆ. ಡಾಂಪಿಯರ್ ಯಾವ ಸ್ವರಕ್ಕೆ ಎಷ್ಟು ಸುತ್ತು ಎಂದು ಹುಡುಕಿ, ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಯಲ್ಲಿ ಬೀಟಲ್ಸ್ ತಂಡದ ಒಂದು ಹಾಡನ್ನು ಕೇಳಿಸಿದ. ಆ ಯಂತ್ರಕ್ಕೆ ಸ್ಪೀಕರ್ ಜೋಡಿಸಿರಲೇ ಇಲ್ಲ.

ಜಗಲಿಯ ಭಾಷೆ

ಅಸೆಂಬ್ಲಿಯ ದೊಡ್ಡ ತೊಡಕು ಎಂದರೆ ಅದು ಆ ಒಂದು ಚಿಪ್ಪಿನ ಮನೆಮಾತು. 8085ಕ್ಕೆ ಬರೆದದ್ದು ಬೇರೆ ಜಾತಿಯ ಚಿಪ್ಪಿಗೆ ಅರ್ಥವಾಗದು. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-7 ಎಂಬ ಯಂತ್ರದಿಂದ ಪಿಡಿಪಿ-11ಕ್ಕೆ ಬಂದಾಗ ಈ ತೊಡಕು ಎದುರಾಯಿತು. ಹಳೆಯ ಯಂತ್ರ ಮೆಮೊರಿಯನ್ನು 18 ಬಿಟ್‌ಗಳ ತುಂಡುಗಳಲ್ಲಿ ನೋಡುತ್ತಿತ್ತು, ಹೊಸದು ಒಂದೊಂದು ಬೈಟಿಗೂ ವಿಳಾಸ ಕೊಟ್ಟಿತ್ತು. ಥಾಂಪ್ಸನ್ ಅವರ ‘ಬಿ’ ಭಾಷೆಗೆ ತುಂಡು ಮಾತ್ರ ಗೊತ್ತು, ಬೈಟ್ ಗೊತ್ತಿಲ್ಲ. ರಿಚಿ ಅದಕ್ಕೆ ಅಕ್ಷರ, ಪೂರ್ಣಾಂಕ ಮುಂತಾದ ಬಗೆಗಳನ್ನು ಸೇರಿಸುತ್ತಾ ಹೋದರು, 1972ರ ಹೊತ್ತಿಗೆ ‘ಸಿ’ ಆಯಿತು. ಮರುವರ್ಷ ಯುನಿಕ್ಸ್‌ನ ತಿರುಳನ್ನೇ ಸಿ ಯಲ್ಲಿ ಮತ್ತೆ ಬರೆದರು.

ಸಿ ಯ ‘++’ ಚಿಹ್ನೆ ಪಿಡಿಪಿ-11ರ ಒಂದು ಸೂಚನೆಯಿಂದ ಹುಟ್ಟಿತೆಂದು ಕ್ಲಾಸುಗಳಲ್ಲಿ ಹೇಳುವುದುಂಟು. ಅದು ಹಾಗಲ್ಲ ಎಂದು ರಿಚಿಯವರೇ ಬರೆದಿದ್ದಾರೆ; ಬಿ ಭಾಷೆಯಲ್ಲಿ ಅದು ಬಂದಾಗ ಪಿಡಿಪಿ-11 ಇನ್ನೂ ಇರಲಿಲ್ಲ. ಪಿಡಿಪಿ-7ರಲ್ಲಿ ಮುಟ್ಟಿದೊಡನೆ ತಾವೇ ಒಂದು ಹೆಚ್ಚುವ ಕೆಲವು ವಿಶೇಷ ಮೆಮೊರಿ ಜಾಗಗಳಿದ್ದವು, ಥಾಂಪ್ಸನ್ ಅವರಿಗೆ ಅವುಗಳಿಂದ ಹೊಳೆದಿರಬಹುದು ಎಂಬುದು ಅವರ ಊಹೆ. ಕತೆ ತಪ್ಪಾದರೂ ದಿಕ್ಕು ಸರಿ. ಭಾಷೆಯ ಚಿಹ್ನೆಗೆ ಯಾವುದೋ ಹಳೆಯ ಯಂತ್ರದ ತಂತಿಯ ವಾಸನೆ ಅಂಟಿದೆ.

ಸಿ ಯಲ್ಲಿ ‘ಎ = ಬಿ + ಸಿ’ ಎಂದು ಬರೆದರೆ, ಯಾವ ಯಂತ್ರಕ್ಕೆ ಹೇಗೆ ಹೇಳಬೇಕೆಂದು ಕಂಪೈಲರ್ ಎಂಬ ಅನುವಾದಕ ಪ್ರೋಗ್ರಾಮು ನೋಡಿಕೊಳ್ಳುತ್ತದೆ. ಮೊಬೈಲಿನ ಆರ್ಮ್ ಚಿಪ್ಪಿಗೆ ಮೂರು ಹೆಸರುಗಳನ್ನೂ ಒಂದೇ ಸೂಚನೆಯಲ್ಲಿ ಕೊಡಬಹುದು. ಇಂಟೆಲ್ ಮನೆತನದ ಚಿಪ್ಪಿನ ‘ಆ್ಯಡ್’ಗೆ ಎರಡೇ ಹೆಸರು, ಉತ್ತರ ಮೊದಲನೆಯದರ ಮೇಲೇ ಕೂರುತ್ತದೆ, ಹಳೆಯದು ಬೇಕಿದ್ದರೆ ಮೊದಲೇ ನಕಲು ಮಾಡಿಟ್ಟುಕೊಳ್ಳಬೇಕು. ಇಷ್ಟೆಲ್ಲ ಸಂಭಾಳಿಸಿದರೂ ಸಿ ಗೆ ಕೆಲವು ಮಾತು ಬಾರದು. ‘ಹೊರಗಿನಿಂದ ಯಾರೇ ಬಾಗಿಲು ತಟ್ಟಿದರೂ ಸ್ವಲ್ಪ ಹೊತ್ತು ಓಗೊಡಬೇಡ’ ಎಂದು ಚಿಪ್ಪಿಗೆ ಹೇಳುವ ಪದ ಆ ಭಾಷೆಯಲ್ಲಿಲ್ಲ. ಹಾಗಾಗಿ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್‌ನ ತಿರುಳು ಬಹುಪಾಲು ಸಿ ಯಲ್ಲಿದ್ದರೂ, ಯಂತ್ರ ಎಚ್ಚರಗೊಳ್ಳುವ ಮೊದಲ ಕ್ಷಣಗಳು ಮತ್ತು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರುವ ತಿರುವುಗಳು ಇಂದಿಗೂ ಅಸೆಂಬ್ಲಿಯಲ್ಲಿವೆ.

ನೆಲದ ಕೆಳಗೊಂದು ನೆಲಮಾಳಿಗೆ

ಇಲ್ಲಿಯವರೆಗಿನ ಕತೆ 6,500 ಟ್ರಾನ್ಸಿಸ್ಟರುಗಳ ಚಿಪ್ಪಿನದು. ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ವಿನ್ಯಾಸಗೊಂಡು 2008ರಲ್ಲಿ ಹೊರಬಂದ ಆರು ಕೋರ್‌ಗಳ ಝಿಯಾನ್ 7400 ಚಿಪ್ಪಿನಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ಆದರೂ ರಕ್ತಸಂಬಂಧ ಕಡಿದಿಲ್ಲ. 1978ರ 8086 ಚಿಪ್ಪನ್ನು ರೂಪಿಸುವಾಗ, 8080ಕ್ಕೆ ಬರೆದ ಅಸೆಂಬ್ಲಿಯನ್ನು ಯಾಂತ್ರಿಕವಾಗಿ ಹೊಸದಕ್ಕೆ ತಿರುಗಿಸಲು ಬರುವಂತೆ ರಿಜಿಸ್ಟರುಗಳನ್ನು ಹೊಂದಿಸಿದ್ದರು. ಹಳೆಯ ಎ ಹೊಸದರಲ್ಲಿ ‘ಎಎಲ್’ ಆಯಿತು. ಎಚ್, ಎಲ್ ಜೋಡಿ ‘ಬಿಎಕ್ಸ್’ ಆಯಿತು. ಇಂಟೆಲ್, ಎಎಮ್‌ಡಿ ಚಿಪ್ಪಿನ ಯಾವ ಲ್ಯಾಪ್‌ಟಾಪ್‌ನಲ್ಲೂ ಈ ಗೂಡುಗಳು ಇಂದಿಗೂ ಇವೆ. ಖಾಲಿ ಮನೆಯನ್ನು ಬಾಡಿಗೆಗೆ ಕೊಡುವ ಚಾಳಿಯೂ ಮುಂದುವರಿಯಿತು. ‘ಏನೂ ಮಾಡಬೇಡ’ ಎಂಬ ಅಲ್ಲಿನ ಸೂಚನೆ 90. ನಿಜದಲ್ಲಿ ಅದು ಎಎಕ್ಸ್ ಎಂಬ ಗೂಡನ್ನು ಎಎಕ್ಸ್ ಜೊತೆಗೇ ಅದಲುಬದಲು ಮಾಡು ಎಂಬುದರ ಸಂಖ್ಯೆ.

ವ್ಯತ್ಯಾಸ ಇರುವುದು ಒಳಗೆ. 8085ರಲ್ಲಿ ಸೂಚನೆಯ ಬಿಟ್‌ಗಳೇ ಬಾಗಿಲು ತೆರೆಯುತ್ತಿದ್ದವು. 1995ರ ಪೆಂಟಿಯಮ್ ಪ್ರೊದಿಂದೀಚೆಗೆ ಇಂಟೆಲ್ ಚಿಪ್ಪು ಹೊರಗಿನ ಸೂಚನೆಯನ್ನು ಒಡೆದು ತನ್ನದೇ ಸಣ್ಣ ಸಣ್ಣ ಒಳಸೂಚನೆಗಳಾಗಿ ಮಾಡಿಕೊಳ್ಳುತ್ತದೆ. ಪ್ರೋಗ್ರಾಮರಿಗೆ ಕಾಣುವ ರಿಜಿಸ್ಟರು ಬೆರಳೆಣಿಕೆಯಷ್ಟು. ಇಂದಿನ ಚಿಪ್ಪುಗಳ ಒಳಗೆ ನೂರಕ್ಕೂ ಹೆಚ್ಚಿವೆ, ಯಾವ ಹೆಸರು ಯಾವ ಗೂಡಿಗೆ ಎಂಬುದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬರೆದ ಕ್ರಮದಲ್ಲೇ ಕೆಲಸ ನಡೆಯುವುದೂ ಇಲ್ಲ. ಸಾಮಾನು ಬಂದ ಸೂಚನೆ ಮುಂದೆ ಹೋಗುತ್ತದೆ, ಬಾರದ್ದು ಕಾಯುತ್ತದೆ, ಕೊನೆಗೆ ಫಲಿತಾಂಶವನ್ನು ಮಾತ್ರ ಬರೆದ ಕ್ರಮದಲ್ಲಿ ಜೋಡಿಸಿ ತೋರಿಸುತ್ತದೆ. ಅಸೆಂಬ್ಲಿಯೇ ಈಗ ಒಂದು ಮಹಡಿ ಮೇಲೇರಿದೆ.

ಇಷ್ಟೆಲ್ಲ ಸರ್ಕಸ್ಸು ಯಾಕೆಂದರೆ ಮೆಮೊರಿ ದೂರವಾಗಿದೆ. ಇಂದಿನ ಚಿಪ್ಪಿಗೆ ಒಳಗಿನ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿರುವುದನ್ನು ಎತ್ತಿಕೊಳ್ಳಲು ನಾಲ್ಕೈದು ಬಡಿತ ಸಾಕು. ಹೊರಗಿನ ಮೆಮೊರಿಯಿಂದ ತರಲು ಇನ್ನೂರರ ಆಸುಪಾಸು ಬೇಕಾಗಬಹುದು. ಒಗ್ಗರಣೆ ಡಬ್ಬಿಗೂ ಸಂತೆಗೂ ಇರುವ ವ್ಯತ್ಯಾಸ. ಸಾಸಿವೆ ಬೇಕೆಂದು ಸಂತೆಗೆ ಹೋದವನು ಒಂದು ಕಾಳು ತರುವುದಿಲ್ಲ, ಪೊಟ್ಟಣವನ್ನೇ ತರುತ್ತಾನೆ. ಚಿಪ್ಪು ಕೂಡ ಒಂದು ಬೈಟ್ ಕೇಳಿದರೆ ಅಕ್ಕಪಕ್ಕದ್ದೂ ಸೇರಿ ಸಾಮಾನ್ಯವಾಗಿ 64 ಬೈಟ್ ತರುತ್ತದೆ. ಹಾಗಾಗಿ ಸಿ ಯಲ್ಲಿ ಸಾವಿರ ಸಾಲು, ಸಾವಿರ ಕಂಬಗಳ ಕೋಷ್ಟಕವನ್ನು ಅಡ್ಡಸಾಲಿನಲ್ಲಿ ಕೂಡಿದರೆ ಬೇಗ ಮುಗಿಯುತ್ತದೆ, ಉದ್ದಕ್ಕೆ ಕೂಡಿದರೆ ಹಲವು ಪಟ್ಟು ತಡವಾಗಬಹುದು. ಕೂಡುವ ಸಂಖ್ಯೆ ಅವೇ, ಉತ್ತರ ಅದೇ. ಕ್ಯಾಶ್ ಎಂಬ ಪದ ಸಿ ಭಾಷೆಯಲ್ಲಿಲ್ಲ, ಆದರೂ ಅದನ್ನು ಅರಿಯದವರ ಪ್ರೋಗ್ರಾಮು ತೆವಳುತ್ತದೆ.

ಕಾಯುವ ಹೊತ್ತನ್ನು ವ್ಯರ್ಥ ಮಾಡಬಾರದೆಂದು ಚಿಪ್ಪುಗಳು ಊಹೆಯನ್ನೂ ಮಾಡುತ್ತವೆ. ದರ್ಶಿನಿಯಲ್ಲಿ ದೋಸೆ ಭಟ್ಟರು ದಿನನಿತ್ಯದ ಗಿರಾಕಿಯ ಮುಖ ಕಂಡೊಡನೆ, ಟೋಕನ್ ಕೈಗೆ ಬರುವ ಮೊದಲೇ, ಕಾವಲಿಗೆ ಹಿಟ್ಟು ಹುಯ್ಯುತ್ತಾರಲ್ಲ, ಹಾಗೆ. ಊಹೆ ಸರಿಯಾದರೆ ಸಮಯ ಉಳಿಯಿತು. ತಪ್ಪಾದರೆ ದೋಸೆಯನ್ನು ಬದಿಗೆ ಸರಿಸಿದರಾಯಿತು, ಬಿಲ್ಲಿನಲ್ಲಿ ಅದರ ಸುಳಿವಿರುವುದಿಲ್ಲ. ಆದರೆ ಕಾವಲಿಯ ಹತ್ತಿರ ಹೋದವರಿಗೆ ವಾಸನೆ ಬಡಿಯುತ್ತದೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳ ಒಳಗುಟ್ಟು ಇದೇ. ಚಿಪ್ಪು ಊಹೆಯ ಮೇಲೆ ಮಾಡಿ ಅಳಿಸಿಹಾಕಿದ ಕೆಲಸದ ಗುರುತು ಕ್ಯಾಶ್‌ನಲ್ಲಿ ಉಳಿಯುತ್ತಿತ್ತು. ಯಾವ ಬೈಟ್ ಬೇಗ ಸಿಗುತ್ತದೆ, ಯಾವುದು ತಡವಾಗುತ್ತದೆ ಎಂದು ಅಳೆದು, ಮುಟ್ಟಬಾರದ ಗುಟ್ಟುಗಳನ್ನು ಅಕ್ಷರಕ್ಷರವಾಗಿ ಕದಿಯಲು ಬರುತ್ತಿತ್ತು. ಅಸೆಂಬ್ಲಿಯನ್ನು ಎಷ್ಟು ಸಲ ಓದಿದರೂ ಅಲ್ಲಿ ತಪ್ಪು ಕಾಣುವುದಿಲ್ಲ, ಏಕೆಂದರೆ ಸೂಚನೆಗಳ ಪಟ್ಟಿಯಲ್ಲಿ ಕಾಲದ ಮಾತೇ ಇಲ್ಲ. ರೇಡಿಯೊಗೆ ಸೋರಿದ ಹಾಡಿನಂತೆ ಇಲ್ಲಿಯೂ ಸೋರಿದ್ದು ಯಂತ್ರದ ಮೈ.

ಸೂಚನೆಗಳ ಪಟ್ಟಿ ಎಂಬುದು ಹೀಗೆ ಪ್ರೋಗ್ರಾಮರಿಗೂ ಚಿಪ್ಪು ಮಾಡುವವರಿಗೂ ನಡುವಿನ ಕರಾರುಪತ್ರವಾಗಿದೆ. ಆ ಪತ್ರದ ಒಡೆತನ ಬಹುಕಾಲ ಕಂಪನಿಗಳ ಕೈಯಲ್ಲೇ ಇತ್ತು. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಶುರುವಾದ ರಿಸ್ಕ್-ಫೈವ್ ಅದನ್ನು ಯಾರು ಬೇಕಾದರೂ ಬಳಸಬಹುದಾದ ಪಟ್ಟಿಯನ್ನಾಗಿ ಮಾಡಿತು. ಐಐಟಿ ಮದ್ರಾಸ್‌ನ ‘ಶಕ್ತಿ’ ಚಿಪ್ಪುಗಳು ಮಾತನಾಡುವುದು ಇದೇ ಭಾಷೆಯನ್ನು. ರಿಸ್ಕ್-ಫೈವ್‌ನಲ್ಲಿ 32 ರಿಜಿಸ್ಟರುಗಳು, ಆದ್ದರಿಂದ ‘ಗೆ’ಗೂ ‘ಇಂದ’ಕ್ಕೂ ಐದೈದು ಬಿಟ್. 8085ರ ಮೂರು ಬಿಟ್‌ಗಳ ವ್ಯಾಕರಣ ಗೊತ್ತಿದ್ದವರು ಅದರ ಸೂಚನೆಗಳನ್ನು ಕಾಗದದ ಮೇಲೆ ಕೈಯಾರೆ ಬಿಡಿಸಬಲ್ಲರು.

8085 ಈಗ ಹಳತಾಯಿತು, ಸಿಲೆಬಸ್ಸಿನಿಂದ ತೆಗೆಯಿರಿ ಎನ್ನುವವರಿದ್ದಾರೆ. ಹಳತೇನೋ ಹೌದು. ಆದರೆ 1997ರ ಜುಲೈನಲ್ಲಿ ಮಂಗಳ ಗ್ರಹದ ನೆಲದ ಮೇಲೆ ಉರುಳಿದ ಮೊದಲ ಬಂಡಿ ನಾಸಾದ ಸೋಜರ್ನರ್‌ನ ಒಳಗಿದ್ದದ್ದು ಅದೇ ಚಿಪ್ಪಿನ ಕಡಿಮೆ ವಿದ್ಯುತ್ ಬಳಸುವ ರೂಪ, 80ಸಿ85. ಅದರ ತಾಳ ಸೆಕೆಂಡಿಗೆ 20 ಲಕ್ಷ ಬಡಿತ, ಲ್ಯಾಬಿನ ಕಿಟ್ಟಿಗಿಂತ ನಿಧಾನ. ಕೆಂಪು ಮಣ್ಣಿನಲ್ಲಿ ಕಲ್ಲುಗಳ ನಡುವೆ ಸೆಕೆಂಡಿಗೆ ಒಂದು ಸೆಂಟಿಮೀಟರಿನಂತೆ ತೆವಳುತ್ತಿದ್ದ ಆ ಬಂಡಿಯ ಮಿದುಳಿನಲ್ಲೂ 3ಇ ಎಂದರೆ ಮುಂದಿನ ಬೈಟನ್ನು ಎ ಯಲ್ಲಿ ಇಡು, 80 ಎಂದರೆ ಬಿ ಯಲ್ಲಿರುವುದನ್ನು ಅದಕ್ಕೆ ಕೂಡಿಸು.